ರಾಯರ ಹಾಡು, ರಾಜ್ ದನಿ

ಸಿನಿಮಾ ತಾರೆಯರು ಹಾಡಿದರೆ ಜನ ಮೊದಲು ನೆನೆಯುವುದು ಮುಖವನ್ನು. ಹಾಡನ್ನು ಕೇಳುವುದು ಆಮೇಲೆ. ಹೀಗಾಗಿಯೇ ಬೇರೆಯವರು ಹಾಡಿ ಹೆಸರಾದ ಗೀತೆಗಳನ್ನು ನಟನಟಿಯರಿಂದ ಮತ್ತೆ ಹಾಡಿಸಿ ಆಲ್ಬಂ ತರುವ ರೂಢಿ ಹೊರದೇಶಗಳಲ್ಲಿದೆ. ಇವಕ್ಕೆ ‘ಕವರ್’ ಹಾಡುಗಳೆಂದು ಹೆಸರು. ಹಾಲಿವುಡ್ ನಟಿ ಸ್ಕಾರ್ಲೆಟ್ ಜೋಹಾನ್ಸನ್ 2008ರಲ್ಲಿ ಗಾಯಕ ಟಾಮ್ ವೇಟ್ಸ್ ಅವರ ಹಾಡುಗಳನ್ನು ಹೀಗೆ ಹಾಡಿದಾಗ ತಲೆದೂಗಿದವರೂ ಉಂಟು, ಮೂಗು ಮುರಿದವರೂ ಉಂಟು.

ನಮ್ಮಲ್ಲಿ ಯಾರು ಎಂದರೆ ದೂರ ಹುಡುಕಬೇಕಿಲ್ಲ. ಹುಲ್ಲಹಳ್ಳಿಯವರು ನಂಜನಗೂಡು, ಚಾಮರಾಜನಗರ ದಾಟಿ ತಾಳವಾಡಿಯ ಕಡೆ ಹೊರಟರೆ ಗಾಜನೂರು ಸಿಗುತ್ತದೆ. ತಮಿಳುನಾಡಿಗೆ ಸೇರಿದ ಆ ಗಡಿಯೂರಿನ ಮುತ್ತುರಾಜನೇ ಡಾ. ರಾಜ್‌ಕುಮಾರ್ (1929–2006). ಆದರೆ ಅಣ್ಣಾವ್ರ ಕಥೆ ತಿರುಗುಮುರುಗು. ಇಲ್ಲಿ ನಟ ಇನ್ನೊಬ್ಬರ ಹಾಡನ್ನು ತೆಗೆದುಕೊಳ್ಳುವ ಮೊದಲು, ಇನ್ನೊಬ್ಬರ ದನಿಯೇ ನಟನನ್ನು ಆವರಿಸಿತ್ತು.

ಹಾಡಲು ಬಾರದೆ ಅಲ್ಲ. ಪ್ರಾಥಮಿಕ ಶಾಲೆಯನ್ನೂ ಮುಗಿಸದ ಹುಡುಗನಿಗೆ ಗುಬ್ಬಿ ವೀರಣ್ಣನವರ ಕಂಪನಿಯೇ ಪಾಠಶಾಲೆ. ಕಂಪನಿ ನಾಟಕದಲ್ಲಿ ಹಾಡು ಬಾರದವನಿಗೆ ಪಾತ್ರವೂ ಕಷ್ಟ. 1959ರ ‘ಮಹಿಷಾಸುರ ಮರ್ದಿನಿ’ಯಲ್ಲಿ ಅವರು ಎಸ್. ಜಾನಕಿಯವರೊಡನೆ ಯುಗಳಗೀತೆ ಹಾಡಿದ್ದುಂಟು. ಆದರೂ ಆಮೇಲೆ ವರ್ಷಗಟ್ಟಲೆ ಅವರ ದನಿಯಾದವರು ಪಿ.ಬಿ. ಶ್ರೀನಿವಾಸ್. 1960ರಲ್ಲಿ ಕನಕದಾಸರಾಗಿ, 1966ರ ‘ಮಂತ್ರಾಲಯ ಮಹಾತ್ಮೆ’ಯಲ್ಲಿ ರಾಘವೇಂದ್ರ ಸ್ವಾಮಿಗಳಾಗಿ ರಾಜ್ ತುಟಿಯಾಡಿಸಿದ್ದು ಆ ಕಂಠಕ್ಕೆ. ತಾನು ಬರೀ ಶರೀರ, ಪಿ.ಬಿ.ಎಸ್. ಶಾರೀರ ಎಂದು ರಾಜ್ ಹೇಳುತ್ತಿದ್ದ ಮಾತು ಕನ್ನಡಿಗರಿಗೆಲ್ಲ ಗೊತ್ತು. ಪರದೆಯ ಮೇಲೆ ಎರಡನ್ನೂ ಬೇರ್ಪಡಿಸಿ ನೋಡುವುದೇ ಕಷ್ಟವಾಗಿತ್ತು.

1974ರಲ್ಲಿ ‘ಸಂಪತ್ತಿಗೆ ಸವಾಲ್’ ಬಂತು. ಎಮ್ಮೆಯ ಮೇಲೆ ಕೂತು ಹಾಡುವ ಹಾಡನ್ನು ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ರಾಜ್ ಅವರಿಂದಲೇ ಹಾಡಿಸಿದರು. ಹಾಡು ಗೆದ್ದಿತು, ರಾಜ್ ಗಾಯಕರಾಗಿ ನಿಂತರು. ಶಾರೀರವಾಗಿದ್ದವರಿಗೆ ಅವಕಾಶ ಕಿರಿದಾಯಿತು. ಈ ಸಂಭ್ರಮದ ಕಥೆಯಲ್ಲಿ ಇದನ್ನು ಮರೆಯುವುದು ನ್ಯಾಯವಲ್ಲ. ಪಿ.ಬಿ.ಎಸ್. 2013ರಲ್ಲಿ ತೀರಿಕೊಂಡರು.

ಮುಂದೆ ರಾಜ್ ಭಕ್ತಿಗೀತೆಗಳ ಧ್ವನಿಸುರುಳಿಗಳಿಗೂ ಹಾಡಿದರು. ಪರದೆಯಲ್ಲಿ ರಾಯರಾಗಿದ್ದಾಗ ಮುಖ ತನ್ನದು, ದನಿ ಇನ್ನೊಬ್ಬರದು. ‘ಗುರುವಾರ ಬಂತಮ್ಮ’ ಕ್ಯಾಸೆಟ್ಟಿನಲ್ಲಿ ರಾಯರನ್ನು ಹಾಡುವಾಗ ದನಿ ಮಾತ್ರ ತನ್ನದು, ಮುಖವೇ ಇಲ್ಲ. ಕಣ್ಣು, ಕೈಸನ್ನೆ, ನಡಿಗೆ ಯಾವುದೂ ನೆರವಿಗೆ ಬಾರದ ಜಾಗ ಅದು. ಅಲ್ಲಿ ಅವರನ್ನು ಕಾಪಾಡಿದ್ದು ನಾಟಕದ ಕಂಪನಿಯಲ್ಲಿ ಕಲಿತ ಸ್ಪಷ್ಟ ಉಚ್ಚಾರಣೆ ಎಂದೇ ನನ್ನ ಎಣಿಕೆ. ಹಾಡಲು ಕಲಿಯುವ ಮಕ್ಕಳು ರಾಗಕ್ಕಿಂತ ಮೊದಲು ಅದನ್ನು ಕಿವಿಗೊಟ್ಟು ಕೇಳಬೇಕು. 1992ರ ‘ಜೀವನ ಚೈತ್ರ’ದ ತೋಡಿ ರಾಗದ ಹಾಡು ಅವರಿಗೆ ಶ್ರೇಷ್ಠ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿಯನ್ನೇ ತಂದಿತು. ಆಗ ಅವರಿಗೆ ಅರವತ್ತು ದಾಟಿತ್ತು.

ಈಗ ಮೊಬೈಲಿನಲ್ಲೇ ಕವರ್ ಹಾಡುವ ವಿದ್ಯಾರ್ಥಿಗಳಿದ್ದಾರೆ. ಮನೆಯಲ್ಲಿ ಹಾಡಿಕೊಳ್ಳಲು ಯಾರ ಅಡ್ಡಿಯೂ ಇಲ್ಲ. ಧ್ವನಿಮುದ್ರಿಸಿ ಮಾರುವುದಾದರೆ ಹಕ್ಕುದಾರರ ಒಪ್ಪಿಗೆ ಬೇಕು. ಇಲ್ಲವೆ 2012ರಲ್ಲಿ ತಿದ್ದುಪಡಿಯಾದ ಕೃತಿಸ್ವಾಮ್ಯ ಕಾಯಿದೆಯಂತೆ, ಮೂಲ ಹಾಡು ಬಂದು ಐದು ವರ್ಷ ಕಳೆದ ಮೇಲೆ, ಮೊದಲೇ ತಿಳಿಸಿ, ರಾಯಧನ ಮುಂಗಡ ಕಟ್ಟಿ ಹಾಡಬೇಕು. ಪುರಂದರದಾಸರ, ಕನಕದಾಸರ ಸಾಹಿತ್ಯಕ್ಕೆ ಮಾತ್ರ ಈ ಕಟ್ಟುಪಾಡಿಲ್ಲ.