ಉಗುರಿನ ವೇಗದಲ್ಲಿ ಬೆಳೆದ ಬಾಕಿ

ಎರಡು ಕರ್ನಾಟಕ ಕೂಡಿಸಿದರೆ ಹೆಚ್ಚುಕಡಿಮೆ ಒಂದು ಜಪಾನ್. ಭೂಮಿಯ ಮೇಲಿನ ಒಟ್ಟು ನೆಲದಲ್ಲಿ ಅದರ ಪಾಲು ಶೇ 0.25. ಆದರೆ ತೀವ್ರತೆ 6 ದಾಟುವ ಭೂಕಂಪಗಳಲ್ಲಿ ಐದಕ್ಕೆ ಒಂದರಷ್ಟು ಅಲ್ಲೇ ಆಗುತ್ತವೆ. ಅಂಗೈ ಅಗಲದ ನೆಲಕ್ಕೆ ಇಷ್ಟು ದೊಡ್ಡ ಪಾಲು ಹೇಗೆ ಬಂತು?

ನಿಮ್ಮ ಹೆಬ್ಬೆರಳ ಉಗುರನ್ನೊಮ್ಮೆ ನೋಡಿ. ತಿಂಗಳಿಗೆ ಮೂರೂವರೆ ಮಿಲಿಮೀಟರ್ ಎಂದು ಹಿಡಿದರೂ, ಕತ್ತರಿಸದೆ ಬಿಟ್ಟಲ್ಲಿ ವರ್ಷಕ್ಕೆ 4 ಸೆಂಟಿಮೀಟರ್ ಬೆಳೆದೀತು. ಪೆಸಿಫಿಕ್ ಸಾಗರದ ತಳದ ಭೂಫಲಕ ಇದರ ಇಮ್ಮಡಿ ವೇಗದಲ್ಲಿ, ವರ್ಷಕ್ಕೆ 8 ಸೆಂಟಿಮೀಟರ್‌ಗೂ ಮಿಕ್ಕಿ, ಜಪಾನಿನ ಅಡಿಗೆ ನುಗ್ಗುತ್ತಿದೆ. ಸಲೀಸಾಗಿ ಜಾರಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬಂಡೆಗೆ ಬಂಡೆ ಕಚ್ಚಿಕೊಂಡು ನಿಲ್ಲುವುದೇ ತೊಂದರೆ. ಹಿಂದಿನಿಂದ ತಳ್ಳುವುದು ನಿಲ್ಲುವುದಿಲ್ಲ. ಬಾಕಿ ಬೆಳೆಯುತ್ತ ಹೋಗುತ್ತದೆ.

2011ರ ಮಾರ್ಚ್ 11ರ ಮಧ್ಯಾಹ್ನ ಆ ಬಾಕಿ ಚುಕ್ತಾ ಆಯಿತು. ತೀವ್ರತೆ 9ರ ಆ ಕಂಪನದಲ್ಲಿ, ಕಡಲ ತಳದ ಕೆಲವೆಡೆ ಬಂಡೆ ಸುಮಾರು 50 ಮೀಟರ್ ಜಾರಿತು. ವರ್ಷಕ್ಕೆ 8 ಸೆಂಟಿಮೀಟರ್ ಲೆಕ್ಕದಲ್ಲಿ ಅದು 600 ವರ್ಷಗಳ ನಡಿಗೆ! ವಿಜಯನಗರದಲ್ಲಿ ಒಂದನೇ ದೇವರಾಯ ಆಳುತ್ತಿದ್ದ ಕಾಲದಿಂದ ಕೂಡಿಟ್ಟಷ್ಟು ದೂರವನ್ನು ನೆಲ ಕೆಲವೇ ನಿಮಿಷಗಳಲ್ಲಿ ದಾಟಿಬಿಟ್ಟಿತು. ಕರಾವಳಿಯ ಒಂದು ಭಾಗವೇ 5 ಮೀಟರ್ ಪೂರ್ವಕ್ಕೆ ಸರಿಯಿತು.

ಫಲಕಕ್ಕೆ ಫಲಕ ಒತ್ತುವ ಇಂಥ ಅಂಚುಗಳು ಪೆಸಿಫಿಕ್ಕಿನ ಸುತ್ತ 40,000 ಕಿಲೋಮೀಟರ್ ಉದ್ದಕ್ಕೂ ಇವೆ. ಜಗತ್ತಿನ ಭೂಕಂಪಗಳಲ್ಲಿ ಶೇ 90ರಷ್ಟು ಈ ಪಟ್ಟಿಯಲ್ಲೇ. ಜಪಾನ್ ಕೂತಿರುವುದಂತೂ ನಾಲ್ಕು ಫಲಕಗಳು ಕೂಡುವ ಸಂದಿಯಲ್ಲಿ. ಕರ್ನಾಟಕಕ್ಕೆ ಹತ್ತಿರದ ಫಲಕದಂಚು ಸಾವಿರ ಕಿಲೋಮೀಟರ್‌ಗೂ ಆಚೆ; ಇಲ್ಲಿನ ನೆಲವೂ ಹಳೆಯದು, ಗಟ್ಟಿ ನೆಲೆನಿಂತದ್ದು, ಕೆಲವು ಬಂಡೆಗಳಿಗೆ 300 ಕೋಟಿ ವರ್ಷ ದಾಟಿದೆ.

ಹಾಗೆಂದು ನಮ್ಮ ಖಾತೆ ಖಾಲಿಯಿಲ್ಲ. ಭಾರತದ ಫಲಕ ಹಿಮಾಲಯಕ್ಕೆ ಒತ್ತುವ ಭಾರ ಒಳನಾಡಿನ ಹಳೆಯ ಬಿರುಕುಗಳಿಗೂ ತಗಲುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಮ್ಮ ಗಡಿಯಾಚೆಯ ಲಾತೂರಿನ ಕಿಲ್ಲಾರಿ ಗಣೇಶನನ್ನು ಕಳಿಸಿಕೊಟ್ಟು ಮಲಗಿತ್ತು. ಬಂದದ್ದು ತೀವ್ರತೆ 6.2. ತೀವ್ರತೆಯ ಒಂದೊಂದು ಮೆಟ್ಟಿಲಿಗೂ ಶಕ್ತಿ 32 ಪಟ್ಟು ಏರುತ್ತದೆ; ಆ ಲೆಕ್ಕದಲ್ಲಿ ಜಪಾನಿನದು 15,000 ಕಿಲ್ಲಾರಿಗಳಿಗೂ ಮಿಗಿಲು. ಆದರೂ ಆ ಪುಟ್ಟ ಕಂಪನಕ್ಕೆ ಕಲ್ಲು-ಮಣ್ಣಿನ ದಪ್ಪ ಗೋಡೆಗಳು ಕುಸಿದು, ಹತ್ತು ಸಾವಿರದಷ್ಟು ಜನ ಮಲಗಿದಲ್ಲೇ ಉಳಿದರು.

ಬಾಕಿ ವಸೂಲಿಗೆ ಜಪಾನಿನ ಬಾಗಿಲಿಗೆ ಪದೇ ಪದೇ ಬರುವವನು ನಮ್ಮಲ್ಲಿಗೆ ಅಪರೂಪಕ್ಕೆ ಬರುತ್ತಾನೆ. ಅದಕ್ಕೇ ನಮ್ಮ ಗೋಡೆಗಳಿಗೆ ಅವನ ಪರಿಚಯವಿಲ್ಲ.