ಮನೆಯಲ್ಲಿಯೇ ತಯಾರಿಸಬಹುದಾದ ಪೌಷ್ಟಿಕ ಕರದಂಟು

ಹೆರಿಗೆಯಾದ ಮನೆಯಲ್ಲಿ ಅಂಟಿನುಂಡೆ ಕಟ್ಟುವುದು, ನಾಗರಪಂಚಮಿಗೆ ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟುಗಳನ್ನು ಮಾಡಿ ತವರಿಗೆ ಬಂದ ಹೆಣ್ಣುಮಕ್ಕಳಿಗೆ ಬಡಿಸುವುದು ನಮ್ಮ ಭಾಗದಲ್ಲಿ ಬಹು ಹಿಂದಿನಿಂದಲೂ ನಡೆದುಬಂದಿರುವ ಪದ್ಧತಿ. ಈ ಪದ್ಧತಿಯನ್ನು ರೂಢಿಗೆ ತಂದ ಹಿರಿಯರು ಪೌಷ್ಟಿಕ ಆಹಾರದ ಶಾಸ್ತ್ರವನ್ನು ಓದಿದವರಲ್ಲ. ಆದರೆ ಬೆಲ್ಲ, ಎಣ್ಣೆಕಾಳು, ಒಣಹಣ್ಣುಗಳು ಒಂದೆಡೆ ಸೇರಿದರೆ ದಣಿದ ದೇಹಕ್ಕೆ ಬಲ ಬರುತ್ತದೆ ಎಂಬುದನ್ನು ಅವರು ಅನುಭವದಿಂದ ಕಂಡುಕೊಂಡಿದ್ದರು. ಇದೇ ಪದಾರ್ಥಗಳನ್ನು ತಟ್ಟೆಗೆ ಹರಡಿ ಬಿಲ್ಲೆಗಳಾಗಿ ಕತ್ತರಿಸಿದರೆ ಅದೇ ಕರದಂಟು. ಕರಿದ ಅಂಟು ಎಂಬುದೇ ಕರದಂಟು ಆಯಿತು. ಮುದಗಲ್, ಇಳಕಲ್ ದಾಟಿ ಹುನಗುಂದದ ಕಡೆಗೆ ಹೋದವರೆಲ್ಲರೂ ಅಮೀನಗಡದ ಕರದಂಟನ್ನು ಬಲ್ಲರು. ಬೆಳಗಾವಿ ಜಿಲ್ಲೆಯ ಗೋಕಾಕದ್ದೂ ಅಷ್ಟೇ ಹೆಸರಾದುದು.

ಅಂಗಡಿಯ ಕರದಂಟಿನಲ್ಲಿ ಬಾದಾಮಿ, ಗೋಡಂಬಿ, ಅಂಜೂರಗಳಿರುತ್ತವೆ. ಬೆಲೆಯೂ ಅದಕ್ಕೆ ತಕ್ಕಂತೆ ಇರುತ್ತದೆ. ಆದ್ದರಿಂದಲೇ ಅದು ಅತಿಥಿಗಳಿಗೆ, ಮದುವೆಯ ಬುಟ್ಟಿಗೆ ಮೀಸಲಾಗಿ, ಮನೆಯ ಗರ್ಭಿಣಿಯ ಬಾಯಿಗೆ ಬರುವುದು ಅಪರೂಪ. ಆದರೆ ನೀವು ತಿಳಿಯಬೇಕಾದ ಸಂಗತಿ ಒಂದಿದೆ. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನು ಇದೆ. ಬಾದಾಮಿಯಲ್ಲಿರುವುದು ಅದಕ್ಕಿಂತ ಹೆಚ್ಚೇನಲ್ಲ. ನೂರು ಗ್ರಾಂ ಸಿಪ್ಪೆಸಹಿತ ಎಳ್ಳಿನಲ್ಲಿ ಸಾವಿರ ಮಿಲಿಗ್ರಾಮಿನಷ್ಟು ಸುಣ್ಣದ ಅಂಶವಿದೆ, ಅದೆಲ್ಲವೂ ದೇಹಕ್ಕೆ ದಕ್ಕುವುದಿಲ್ಲವಾದರೂ. ಲಿಂಗಸುಗೂರು, ಮಸ್ಕಿ ಕಡೆಯ ಮಳೆಯಾಶ್ರಿತ ಹೊಲಗಳಲ್ಲಿ ಶೇಂಗಾ ಬೆಳೆಯುವವರು ಕಡಿಮೆಯೇನಿಲ್ಲ. ಕಾಲುವೆ ನೀರಿನಿಂದ ಭತ್ತವನ್ನೇ ನೆಚ್ಚಿಕೊಂಡ ಸಿಂಧನೂರಿನ ಕಡೆಯಲ್ಲಿಯೂ ಇವು ಸಂತೆಯಲ್ಲಿ ಸುಲಭವಾಗಿ ದೊರೆಯುತ್ತವೆ. ಹಾಗಿರುವಾಗ ಬಾದಾಮಿಗಾಗಿ ಕೈಗಡ ಮಾಡುವುದು ಅನಾವಶ್ಯಕ.

ಈ ತಿಂಡಿ ಯಾರಿಗಾಗಿ ಎಂಬುದನ್ನು ಮೊದಲೇ ಸ್ಪಷ್ಟಪಡಿಸುವುದು ಒಳ್ಳೆಯದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದಾರೆ. ಗರ್ಭಿಣಿಯಾದವಳಿಗೆ ನಾಲ್ಕನೆಯ ತಿಂಗಳಿನಿಂದ ಪ್ರತಿದಿನ ಸುಮಾರು 350 ಕ್ಯಾಲೊರಿಗಳಷ್ಟು ಹೆಚ್ಚಿನ ಆಹಾರ ಬೇಕಾಗುತ್ತದೆ. ಹಾಲೂಡಿಸುವ ತಾಯಿಗೆ ಮೊದಲ ಆರು ತಿಂಗಳು ಸುಮಾರು 600 ಕ್ಯಾಲೊರಿಗಳಷ್ಟು. ಹೊಟ್ಟೆ ಒತ್ತಿದಂತಾಗಿ ಒಂದೇ ಸಲಕ್ಕೆ ಹೆಚ್ಚು ರೊಟ್ಟಿ ಉಣ್ಣಲಾರದ ತಿಂಗಳುಗಳಲ್ಲಿ ಅಂಗೈ ಅಗಲದ ತಟ್ಟೆಯಲ್ಲಿ ಹಿಡಿಸುವ ಇಂಥ ತಿಂಡಿ ಬಹು ಉಪಯುಕ್ತ. 2017ರ ಅಕ್ಟೋಬರಿನಲ್ಲಿ ರಾಜ್ಯದಲ್ಲಿ ಮಾತೃಪೂರ್ಣ ಯೋಜನೆ ಆರಂಭವಾದಾಗ ಅಂಗನವಾಡಿಯ ಬಿಸಿಯೂಟದ ಜೊತೆ ಶೇಂಗಾ ಚಿಕ್ಕಿಯನ್ನೂ ಸೇರಿಸಿದ್ದು ಇದೇ ಕಾರಣದಿಂದ.

ಈಗ ತಯಾರಿಸುವ ಕ್ರಮ. ಇಪ್ಪತ್ತೈದು ಬಿಲ್ಲೆಗಳಿಗೆ ಬೇಕಾಗುವ ಸಾಮಗ್ರಿ ಇಷ್ಟು: ಶೇಂಗಾ ಕಾಲು ಕಿಲೋ, ಬೆಲ್ಲ ಕಾಲು ಕಿಲೋ, ಎಳ್ಳು ನೂರು ಗ್ರಾಂ, ಪುಠಾಣಿ ನೂರು ಗ್ರಾಂ, ಬೀಜ ತೆಗೆದ ಮೆತ್ತನೆಯ ಖರ್ಜೂರ ನೂರು ಗ್ರಾಂ, ಒಣಕೊಬ್ಬರಿ ಐವತ್ತು ಗ್ರಾಂ, ತಿನ್ನುವ ಅಂಟು ಇಪ್ಪತ್ತೈದು ಗ್ರಾಂ, ತುಪ್ಪ ಎರಡು ದೊಡ್ಡ ಚಮಚ. ಅಂಟು ದೊರೆಯದಿದ್ದರೆ ಬಿಡಬಹುದು. ಹೆಸರಿಗೆ ಕುಂದು ಬಂದೀತೇ ಹೊರತು ಸತ್ವಕ್ಕೆ ಹೆಚ್ಚೇನೂ ಕುಂದು ಬಾರದು. ಬೆಲ್ಲ ಕೊಳ್ಳುವಾಗ ಥಳಥಳಿಸುವ ಹಳದಿ ಬಣ್ಣಕ್ಕೆ ಮನಸೋಲಬೇಡಿರಿ. ಆ ಬಣ್ಣ ಹಲವೊಮ್ಮೆ ಹೈಡ್ರೋಸ್ ಎಂಬ ರಾಸಾಯನಿಕದಿಂದ ಬಂದುದಾಗಿರುತ್ತದೆ. ಕಂದು ಬಣ್ಣದ ಬೆಲ್ಲವೇ ಲೇಸು.

ಎಲ್ಲಕ್ಕಿಂತ ಹೆಚ್ಚು ಸಮಯವನ್ನು ನೀವು ಶೇಂಗಾ ಆರಿಸುವುದರಲ್ಲಿಯೇ ಕಳೆಯಬೇಕು. ಸುಕ್ಕುಗಟ್ಟಿದ, ಕಪ್ಪಾದ, ಒಡೆದ, ಹಸಿರು ಅಥವಾ ಹಳದಿ ಬೂಷ್ಟು ಹಿಡಿದ ಕಾಳುಗಳನ್ನು ಒಂದೊಂದಾಗಿ ಆರಿಸಿ ಎಸೆಯಿರಿ. ಕಹಿಯೆನಿಸಿದ ಕಾಳನ್ನು ಉಗುಳಿಬಿಡಿರಿ. ಒದ್ದೆಯಾಗಿಯೇ ಚೀಲ ತುಂಬಿದ ಶೇಂಗಾದ ಮೇಲೆ ಬೆಳೆಯುವ ಒಂದು ಜಾತಿಯ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತದೆ. ಅದು ಯಕೃತ್ತನ್ನು, ಅಂದರೆ ಪಿತ್ತಜನಕಾಂಗವನ್ನು, ಕೆಡಿಸುವ ವಿಷ. 1960ರಲ್ಲಿ ಇಂಗ್ಲೆಂಡಿನಲ್ಲಿ ಶೇಂಗಾ ಹಿಂಡಿ ತಿಂದ ಟರ್ಕಿ ಕೋಳಿಗಳು ಲಕ್ಷದ ಲೆಕ್ಕದಲ್ಲಿ ಸತ್ತಾಗ ವಿಜ್ಞಾನಿಗಳಿಗೆ ಇದರ ಸುಳಿವು ಸಿಕ್ಕಿತು. 1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಹಳ್ಳಿಗಳಲ್ಲಿ ಮಳೆಗೆ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ತಿಂದು ನೂರಕ್ಕೂ ಹೆಚ್ಚು ಮಂದಿ ಕಾಮಾಲೆಯಾಗಿ ಪ್ರಾಣ ಕಳೆದುಕೊಂಡರು. ಹುರಿದರೆ ಈ ವಿಷ ಪೂರ್ತಿಯಾಗಿ ನಾಶವಾಗುವುದಿಲ್ಲವೆಂಬುದನ್ನು ನೆನಪಿಡಿರಿ. ಮಾರಾಟಕ್ಕೆ ಒಳ್ಳೆಯ ಕಾಳು, ಮನೆಗೆ ಉಳಿದ ಜೊಳ್ಳು ಎಂಬ ನಮ್ಮ ರೈತರ ಲೆಕ್ಕಾಚಾರ ಈ ವಿಷಯದಲ್ಲಿ ಸರಿಯಲ್ಲ. ಬಿತ್ತನೆಗೆ ಬೀಜ ಎತ್ತಿಡುವಂತೆಯೇ ಮನೆಯ ಬಸುರಿ ಹೆಣ್ಣುಮಗಳಿಗೆಂದು ಮೂರ್ನಾಲ್ಕು ಕಿಲೋ ಗಟ್ಟಿಕಾಳನ್ನು ಚೆನ್ನಾಗಿ ಒಣಗಿಸಿ ಎತ್ತಿಡುವುದು ಯಜಮಾನನ ಕೆಲಸ.

ಆರಿಸಿದ ಶೇಂಗಾವನ್ನು ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ಉಜ್ಜಿ ಕೇರಿ, ತರಿತರಿಯಾಗಿ ಕುಟ್ಟಿಕೊಳ್ಳಿರಿ. ಎಳ್ಳು ಚಟಪಟನೆ ಸಿಡಿಯುವವರೆಗೆ ಹುರಿದು ಕೂಡಲೇ ಬೇರೆ ಪಾತ್ರೆಗೆ ಸುರಿಯಬೇಕು. ಬಾಣಲೆಯ ಬಿಸಿಯಲ್ಲಿಯೇ ಬಿಟ್ಟರೆ ಕಹಿಯಾಗುತ್ತದೆ. ಪುಠಾಣಿಯನ್ನು ಕುಟ್ಟಿ, ಕೊಬ್ಬರಿಯನ್ನು ತುರಿದು ಬೆಚ್ಚಗೆ ಮಾಡಿಟ್ಟುಕೊಳ್ಳಿರಿ. ಅಂಟನ್ನು ಸಣ್ಣ ಚೂರು ಮಾಡಿ ತುಪ್ಪದಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿ ಹೂವಿನಂತೆ ಅರಳುವವರೆಗೆ ಕರಿಯಿರಿ. ಒಳಗೆ ಅರಳದೆ ಉಳಿದ ಅಂಟು ಹಲ್ಲಿಗೆ ಹಿಡಿಯುತ್ತದೆಯಾದ್ದರಿಂದ ದೊಡ್ಡ ಚೂರುಗಳನ್ನು ಹಾಕಬಾರದು. ಉಳಿದ ತುಪ್ಪದಲ್ಲಿ ಹೆಚ್ಚಿದ ಖರ್ಜೂರವನ್ನು ಮೆತ್ತಗಾಗುವಂತೆ ಬಾಡಿಸಿರಿ.

ಬೆಲ್ಲಕ್ಕೆ ನಾಲ್ಕೈದು ಚಮಚ ನೀರು ಹಾಕಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಮರಳು ಕಸ ತೆಗೆದು ಮತ್ತೆ ಒಲೆಯ ಮೇಲಿಡಿರಿ. ಪಾಕದ ಹದವೇ ಈ ತಿಂಡಿಯ ಮರ್ಮ. ಒಂದು ಬಟ್ಟಲು ತಣ್ಣೀರಿನಲ್ಲಿ ಒಂದು ಹನಿ ಪಾಕವನ್ನು ಬಿಟ್ಟು ನೋಡಿರಿ. ಹನಿ ನೀರಿನಲ್ಲಿ ಹರಡಿದರೆ ಇನ್ನೂ ಕಾಯಬೇಕು. ಬೆರಳಿನಿಂದ ಕೂಡಿಸಿದಾಗ ಉಂಡೆಯಾಗಿ ನಿಂತು, ಒತ್ತಿದರೆ ಬಾಗಿದರೆ, ಅದೇ ಉಂಡೆಪಾಕ. ಈ ಕರದಂಟಿಗೆ ಅದೇ ಸಾಕು. ಹನಿ ಗಾಜಿನಂತೆ ಟಕ್ಕೆಂದು ಮುರಿದರೆ ಅದು ಚಿಕ್ಕಿಯ ಪಾಕ. ಚಿಕ್ಕಿ ಹುಡುಗರಿಗೆ ಪ್ರಿಯವಾದರೂ ಹಲ್ಲು ಸಡಿಲವಾದ ಹಿರಿಯರಿಗೂ ವಸಡಿನಲ್ಲಿ ರಕ್ತ ಕಾಣುವ ಗರ್ಭಿಣಿಯರಿಗೂ ತಿನ್ನುವುದು ಕಷ್ಟ. ಹದ ಬಂದೊಡನೆ ಕೆಳಗಿಳಿಸಿ, ಮೊದಲು ಖರ್ಜೂರವನ್ನೂ ಅನಂತರ ಉಳಿದುದೆಲ್ಲವನ್ನೂ ಹಾಕಿ ಬೇಗನೆ ಕಲಸಿ, ತುಪ್ಪ ಸವರಿದ ತಟ್ಟೆಗೆ ಬೆರಳಿನ ದಪ್ಪದಲ್ಲಿ ಒತ್ತಿ ಹರಡಿರಿ. ಬೆಚ್ಚಗಿರುವಾಗಲೇ ಚಾಕುವಿನಿಂದ ಅಡ್ಡ ಐದು, ಉದ್ದ ಐದು ಸಾಲುಗಳಾಗಿ ಗುರುತು ಮಾಡಿ, ಪೂರ್ಣ ಆರಿದ ಮೇಲೆ ಬಿಡಿಸಿರಿ.

ಪಾಕ ಕಾಯಿಸುವಾಗ ಮಕ್ಕಳನ್ನು ಒಲೆಯ ಬಳಿ ಬಿಡಬೇಡಿರಿ. ಅದು ಕುದಿಯುವ ನೀರಿಗಿಂತಲೂ ಬಿಸಿ; ಮೈಗೆ ಅಂಟಿಕೊಂಡು ಆಳವಾಗಿ ಸುಡುತ್ತದೆ. ಸುಟ್ಟಲ್ಲಿ ಇಪ್ಪತ್ತು ನಿಮಿಷ ತಣ್ಣೀರು ಹರಿಯಬಿಟ್ಟು ಆಸ್ಪತ್ರೆಗೆ ಕರೆದೊಯ್ಯಬೇಕು. ಶಾಯಿ, ಹಲ್ಲುಪುಡಿ, ಸುಣ್ಣಗಳನ್ನು ಹಚ್ಚಲೇಬಾರದು.

ಹೀಗೆ ಮಾಡಿದ ಒಂದು ಬಿಲ್ಲೆಯಲ್ಲಿ ಸುಮಾರು 165 ಕ್ಯಾಲೊರಿ, ನಾಲ್ಕು ಗ್ರಾಮಿಗೆ ಮೇಲ್ಪಟ್ಟು ಪ್ರೋಟೀನು, ಹತ್ತು ಗ್ರಾಂ ಬೆಲ್ಲ ಇರುತ್ತವೆ. ದಿನಕ್ಕೆ ಎರಡು ಬಿಲ್ಲೆ ತಿಂದ ಗರ್ಭಿಣಿಗೆ ಹೆಚ್ಚುವರಿಯಾಗಿ ಬೇಕಾದ ಕ್ಯಾಲೊರಿಯ ಬಹುಭಾಗ ಒದಗುತ್ತದೆ. ಆದರೆ ಕಡೆಯ ಮೂರು ತಿಂಗಳಲ್ಲಿ ಹೆಚ್ಚಾಗಿ ಬೇಕಾಗುವ ಪ್ರೋಟೀನು ಸುಮಾರು 22 ಗ್ರಾಂ ಆದುದರಿಂದ ಬೇಳೆ, ಮೊಳಕೆಕಾಳು, ಹಾಲು, ಮೊಟ್ಟೆಗಳನ್ನು ಇದಕ್ಕಾಗಿ ಬಿಡುವಂತಿಲ್ಲ. ಎರಡಕ್ಕಿಂತ ಹೆಚ್ಚು ತಿನ್ನುವುದರಿಂದ ಹೆಚ್ಚು ಲಾಭವೂ ಇಲ್ಲ. ಬೆಲ್ಲವೂ ಸಕ್ಕರೆಯ ಜಾತಿಗೇ ಸೇರಿದ್ದು. ಮೊಟ್ಟೆ ತಿನ್ನದ ಶಾಲಾ ಮಕ್ಕಳಿಗೆ ಕೆಲವು ಕಾಲ ಕೊಡಲಾಗುತ್ತಿದ್ದ ಚಿಕ್ಕಿಯನ್ನು 2025ರಲ್ಲಿ ರಾಜ್ಯ ಸರ್ಕಾರ ಕೈಬಿಟ್ಟಾಗ ಸಕ್ಕರೆಯ ಪ್ರಮಾಣ ಮತ್ತು ದಾಸ್ತಾನಿನ ದೋಷಗಳ ಮಾತು ಬಂದಿತ್ತು. ಮನೆಯಲ್ಲಿ ಮಾಡುವಾಗ ಇವೆರಡೂ ನಿಮ್ಮ ಕೈಯಲ್ಲಿಯೇ ಇರುತ್ತವೆ.

ಬೆಲ್ಲದಲ್ಲಿ ಕಬ್ಬಿಣವಿದೆಯಾದ್ದರಿಂದ ಕರದಂಟು ತಿಂದರೆ ಗುಳಿಗೆ ಬೇಡವೆಂದು ಹೇಳುವವರುಂಟು. ಈ ಮಾತನ್ನು ನಂಬಬೇಡಿರಿ. ಕಾಳು ಬೆಲ್ಲಗಳಲ್ಲಿರುವ ಕಬ್ಬಿಣ ಅಲ್ಪ. ಅದರಲ್ಲಿಯೂ ರಕ್ತಕ್ಕೆ ಸೇರುವುದು ಇನ್ನೂ ಅಲ್ಪ. ಗರ್ಭಿಣಿಗೆ ಕೊಡುವ ಒಂದು ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವಿದೆ. ನಾಲ್ಕನೆಯ ತಿಂಗಳಿನಿಂದ 180 ದಿನ, ಹೆರಿಗೆಯ ಬಳಿಕ ಮತ್ತೆ 180 ದಿನ ಅದನ್ನು ತಪ್ಪದೆ ನುಂಗತಕ್ಕದ್ದು. ಸುಣ್ಣದ ಗುಳಿಗೆಯನ್ನು ಬೇರೆ ಹೊತ್ತಿನಲ್ಲಿ ತೆಗೆದುಕೊಳ್ಳಬೇಕು. ಕರದಂಟಿನ ಜೊತೆಗೆ ಪೇರಲಹಣ್ಣು, ನೆಲ್ಲಿಕಾಯಿ ಅಥವಾ ನಿಂಬೆಯ ಪಾನಕವಿದ್ದರೆ ಇದ್ದಷ್ಟು ಕಬ್ಬಿಣ ಚೆನ್ನಾಗಿ ಹಿಡಿಯುತ್ತದೆ. ಚಹಾ ಇದಕ್ಕೆ ವಿರೋಧಿ. ನಮ್ಮಲ್ಲಿ ಚಹಾ ಬಿಡಿರೆಂದರೆ ಕೇಳುವವರು ಯಾರು? ಒಂದು ಗಂಟೆ ತಡಮಾಡಿ ಕುಡಿಯಿರಿ ಎಂದಷ್ಟೇ ಹೇಳಬಹುದು. ಮಗುವಿಗೂ ಮಗುವಿಗೂ ನಡುವೆ ಮೂರು ವರ್ಷಗಳ ಅಂತರವಿದ್ದರೆ ತಾಯಿಯ ರಕ್ತದ ದಾಸ್ತಾನು ತುಂಬಿಕೊಳ್ಳಲು ಅವಕಾಶವಾಗುತ್ತದೆ. ಯಾವ ಉಂಡೆಯೂ ಆ ವಿರಾಮಕ್ಕೆ ಬದಲಾಗಲಾರದು.

ಸಕ್ಕರೆ ಕಾಯಿಲೆ ಇರುವವರು, ಬಸಿರಿನಲ್ಲಿ ರಕ್ತದ ಸಕ್ಕರೆ ಏರಿದೆಯೆಂದು ಪರೀಕ್ಷೆಯಲ್ಲಿ ಕಂಡವರು ವೈದ್ಯರನ್ನು ಕೇಳದೆ ಇದನ್ನು ತಿನ್ನಬಾರದು. ಶೇಂಗಾ ತಿಂದರೆ ಮೈಮೇಲೆ ದದ್ದು ಏಳುವವರಿಗೂ ಇದು ಸಲ್ಲದು. ಆರು ತಿಂಗಳವರೆಗೆ ಕೂಸಿಗೆ ತಾಯಿಯ ಹಾಲಲ್ಲದೆ ಬೇರೇನೂ ಬೇಡ. ಎರಡು ವರ್ಷದವರೆಗೆ ಬೆಲ್ಲ ಸಕ್ಕರೆಗಳನ್ನು ಸೇರಿಸಿದ ತಿಂಡಿ ಬೇಡ. ನಾಲ್ಕೈದು ವರ್ಷದೊಳಗಿನ ಮಕ್ಕಳಿಗೆ ಇಡೀ ಶೇಂಗಾ ಕಾಳು ಉಸಿರುನಾಳದಲ್ಲಿ ಸಿಕ್ಕಿಕೊಳ್ಳುವ ಭಯವಿರುವುದರಿಂದ ಅಂಥವರಿಗೆ ನುಣ್ಣಗೆ ಪುಡಿ ಮಾಡಿಯೇ ಕೊಡತಕ್ಕದ್ದು.

ಗಂಡಂದಿರಿಗೆ ಒಂದು ಮಾತನ್ನು ಬಿಚ್ಚಿ ಹೇಳಬೇಕಾಗಿದೆ. ನಮ್ಮ ಮನೆಗಳಲ್ಲಿ ತಿಂಡಿಯ ಡಬ್ಬಿ ಖಾಲಿಯಾಗುವ ಕ್ರಮ ಎಲ್ಲರಿಗೂ ತಿಳಿದದ್ದೇ: ಮೊದಲು ಮಕ್ಕಳು, ಅನಂತರ ಬಂದವರು ಹೋದವರು, ಆಮೇಲೆ ನೀವು. ಸೊಸೆ ತಾನೇ ಡಬ್ಬಿ ತೆಗೆದು ತಿಂದರೆ ಅದೊಂದು ಮಾತಾಗುತ್ತದೆ. ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿಗೆ ಇಳಿಯುವವನ ಬುತ್ತಿಗೆ ಎರಡು ಬಿಲ್ಲೆ ಕಟ್ಟಿಕೊಡುವುದು ನ್ಯಾಯವೇ. ಬೆವರಿಳಿಸಿ ದುಡಿಯುವ ದೇಹಕ್ಕೆ ಅದು ಬೇಕು. ಆದರೆ ಗರ್ಭಿಣಿಯ ಪಾಲನ್ನು ಬೇರೆ ಡಬ್ಬಿಯಲ್ಲಿ ಹಾಕಿ, ಅದು ಅವಳದೆಂದು ಅತ್ತೆಯ ಎದುರಿನಲ್ಲಿಯೇ ಹೇಳುವ ಕೆಲಸ ನಿಮ್ಮದು. ಇದಕ್ಕೆ ಹಣ ಖರ್ಚಾಗುವುದಿಲ್ಲ, ಸ್ವಲ್ಪ ಸಂಕೋಚ ಖರ್ಚಾಗುತ್ತದೆ ಅಷ್ಟೇ.

ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವ ಕುಟುಂಬಗಳಿಗೆ ಇದು ವಿಶೇಷವಾಗಿ ಒದಗುವ ಆಹಾರ. ಕಟ್ಟಡದ ಕೆಲಸದ ನಡುವೆ ಒಲೆ ಹೊತ್ತಿಸುವುದು ಸಂಜೆಗೇ. ಹೊರಡುವ ಮುನ್ನ ಎರಡು ತಟ್ಟೆ ಕರದಂಟು ಮಾಡಿ ಕಟ್ಟಿಕೊಂಡರೆ ಗರ್ಭಿಣಿಯೊಬ್ಬಳಿಗೆ ಇಪ್ಪತ್ತೈದು ದಿನ ಸಾಕು. ತಾಯಿ ಕಾರ್ಡು ಮತ್ತು ಕಬ್ಬಿಣದ ಗುಳಿಗೆಗಳನ್ನು ಅದೇ ಚೀಲದಲ್ಲಿಡಿರಿ. ಹೋದ ಊರಿನ ಆಸ್ಪತ್ರೆಯಲ್ಲಿಯೂ ಆ ಕಾರ್ಡು ನಡೆಯುತ್ತದೆ.

ಇಡುವ ಡಬ್ಬಿ ಒಣಗಿದ್ದು ಬಿಗಿಯಾಗಿ ಮುಚ್ಚುವಂತಿರಬೇಕು, ಒದ್ದೆಯ ಕೈ ಹಾಕಬಾರದು. ಚಳಿಗಾಲದಲ್ಲಿ ಮೂರ್ನಾಲ್ಕು ವಾರ ಕೆಡುವುದಿಲ್ಲ. ಮಳೆಗಾಲದಲ್ಲಿ ತೇವಕ್ಕೆ ಮೆತ್ತಗಾಗುವುದರಿಂದ, ನಮ್ಮ ಬೇಸಿಗೆಯ ಬಿಸಿಲಿಗೆ ಎಣ್ಣೆಯಂಶ ಬೇಗ ಕೆಡುವುದರಿಂದ, ಆ ಕಾಲಗಳಲ್ಲಿ ಅರ್ಧ ಅಳತೆಯಲ್ಲಿ ಮಾಡಿ ಹತ್ತು ದಿನದೊಳಗೆ ಮುಗಿಸಿರಿ. ಕಮಟು ವಾಸನೆ ಬಂದರೆ, ಮೇಲೆ ಬಿಳಿಯ ಅಥವಾ ಹಸಿರು ಕಲೆ ಕಂಡರೆ, ಕಂಡಷ್ಟನ್ನು ಕೆರೆದು ಉಳಿದುದನ್ನು ತಿನ್ನದೆ ಇಡೀ ಬಿಲ್ಲೆಯನ್ನು ಎಸೆಯಿರಿ, ದನಕರುಗಳಿಗೂ ಹಾಕಬೇಡಿರಿ.