ಓಕ್ತೆರಾ ಮಾಂಟಿಸ್: ಯುರೋಪಿನ ಜೌಗುದಂಡೆಯ ಬೇಟೆನೊಣದ ಗುರುತು, ಹರಡಿಕೆ ಮತ್ತು ನೆಲೆ

ಎಫಿಡ್ರಿಡೆ ಕುಟುಂಬದ ನೊಣಗಳು ನೀರು ಮತ್ತು ನೆಲ ಸಂಧಿಸುವ ಅಂಚಿನಲ್ಲಿ ಬಾಳುವುದರಿಂದ ಅವನ್ನು ತೀರನೊಣಗಳೆಂದು ಕರೆಯುವುದು ರೂಢಿ. ಪಾಚಿ, ಬ್ಯಾಕ್ಟೀರಿಯಾ ಹಾಗೂ ಕೊಳೆಯುವ ಸಾವಯವ ಪದಾರ್ಥಗಳೇ ಇವುಗಳಲ್ಲಿ ಹೆಚ್ಚಿನವುಗಳ ಆಹಾರ. ಇಂಥ ಸಾಧು ಸಮೂಹದೊಳಗೆ ಓಕ್ತೆರಾ ಕುಲವು ಬೇಟೆಯನ್ನೇ ಜೀವನೋಪಾಯವಾಗಿಸಿಕೊಂಡಿರುವುದು ಗಮನಾರ್ಹ. ಈ ಕುಲದ ಓಕ್ತೆರಾ ಮಾಂಟಿಸ್ ಪ್ರಭೇದವನ್ನು ಸ್ವೀಡನ್ನಿನ ಕೀಟಶಾಸ್ತ್ರಜ್ಞ ಚಾರ್ಲ್ಸ್ ಡಿ ಗೀರ್ 1776ರಲ್ಲಿ ಮೊದಲು ವರ್ಣಿಸಿದನು.

ಪ್ರಭೇದನಾಮವು ಮುಂಗಾಲಿನ ರಚನೆಯನ್ನು ಸೂಚಿಸುತ್ತದೆ. ಕೆಲವೇ ಮಿಲಿಮೀಟರ್ ಉದ್ದದ, ಕಪ್ಪು ಛಾಯೆಯ ಈ ನೊಣದ ಮುಂಗಾಲಿನ ತೊಡೆಭಾಗವು ಇತರ ಕಾಲುಗಳಿಗೆ ಹೋಲಿಸಿದರೆ ವಿಪರೀತ ಉಬ್ಬಿದೆ. ಅದರ ಮುಂದಿನ ಖಂಡವು ಬಾಗಿದ್ದು, ತುದಿಯಲ್ಲಿ ಬಲವಾದ ಮುಳ್ಳನ್ನು ಹೊತ್ತಿದೆ. ಮಡಿಸಿದಾಗ ಇದು ತೊಡೆಯ ಅಡಿಭಾಗಕ್ಕೆ ಒತ್ತಿಕೊಂಡು ಇಕ್ಕುಳದಂತೆ ಬೇಟೆಯನ್ನು ಹಿಡಿಯುತ್ತದೆ. ಮಾಂಟಿಸ್ ಕೀಟದ ಕಾಲಿಗೂ ಇದಕ್ಕೂ ಇರುವ ಹೋಲಿಕೆ ಕಣ್ಣಿಗೆ ಕಟ್ಟುವಂಥದು. ಆದರೆ ಅದು ಬಂಧುತ್ವದ ಹೋಲಿಕೆಯಲ್ಲ, ಸಮಾನ ಕೆಲಸಕ್ಕೆ ಎರಡು ದೂರದ ವಂಶಗಳು ಕಂಡುಕೊಂಡ ಸಮಾನ ಸಾಧನ.

ಇಷ್ಟರಿಂದಲೇ ಗುರುತಿಸುವಿಕೆ ಮುಗಿಯಿತೆಂದು ಭಾವಿಸುವುದು ಅಪಾಯಕರ. ಮುಂಗಾಲು ಕುಲವನ್ನು ಒಂದೇ ನೋಟಕ್ಕೆ ಹೇಳಿಬಿಡುತ್ತದೆ, ಪ್ರಭೇದವನ್ನು ಹೇಳುವುದಿಲ್ಲ. ಫ್ಯಾಬ್ರಿಸಿಯಸ್ 1794ರಲ್ಲಿ ಹೆಸರಿಸಿದ ಓಕ್ತೆರಾ ಮ್ಯಾನಿಕೇಟಾ ಕೂಡ ಯುರೋಪಿನಲ್ಲಿದ್ದು, ಅದರ ಮುಂಗಾಲೂ ಇದೇ ಬಗೆಯದು. ಎರಡನ್ನೂ ಬೇರ್ಪಡಿಸಲು ಮಾದರಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ಪರಿಶೀಲಿಸುವುದು ಅಗತ್ಯ. ಹೊಲದಲ್ಲಿ ಕಂಡ ನೊಣವನ್ನು ಕಾಲಿನ ಆಧಾರದಿಂದಲೇ ದಾಖಲಿಸಿದರೆ ಆ ದಾಖಲೆ ಕುಲದ ಮಟ್ಟದಲ್ಲಿ ಮಾತ್ರ ಬೆಲೆಯುಳ್ಳದ್ದು.

ಬ್ರಿಟನ್ ಮತ್ತು ಸ್ಕ್ಯಾಂಡಿನೇವಿಯಾ ಸೇರಿದಂತೆ ಯುರೋಪಿನಲ್ಲಿ ಈ ಪ್ರಭೇದದ ಹರಡಿಕೆ ವಿಶಾಲವಾದುದು. ಉತ್ತರ ಅಮೆರಿಕದಲ್ಲಿಯೂ ಇದು ನೆಲೆಸಿದೆ. ನಕ್ಷೆಯ ಮೇಲೆ ಇಷ್ಟು ದೊಡ್ಡದಾಗಿ ಕಾಣುವ ಕ್ಷೇತ್ರವು ವಾಸ್ತವದಲ್ಲಿ ಕೆರೆ, ಹೊಳೆ, ಹಳ್ಳಗಳ ಒದ್ದೆ ಕೆಸರಿನ ಕಿರಿದಾದ ಪಟ್ಟಿಗಳಾಗಿ ಹರಿದುಹಂಚಿಹೋಗಿದೆ.

ಆ ಕೆಸರೇ ಇದರ ಅಡುಗೆಮನೆ. ಪ್ರೌಢ ನೊಣವು ಒದ್ದೆ ಮೇಲ್ಮೈಯಲ್ಲಿ ಓಡಾಡುತ್ತ, ಮುಂಗಾಲುಗಳಿಂದ ಕೆಸರನ್ನು ಕೆದಕಿ, ಅಡಗಿರುವ ಕೈರೊನೊಮಿಡ್ ಮರಿಹುಳುಗಳನ್ನು ಹೊರಗೆಳೆಯುತ್ತದೆ. ಇದರ ಮರಿಹುಳುವೂ ಪರಭಕ್ಷಕವೇ. ಉತ್ತರ ಅಮೆರಿಕದ ಮೂರು ಓಕ್ತೆರಾ ಪ್ರಭೇದಗಳ ಜೀವನಚರಿತ್ರೆಯನ್ನು ಕುರಿತು ಕೆ. ಡಬ್ಲ್ಯೂ. ಸಿಂಪ್ಸನ್ 1975ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಅವಸ್ಥೆಗಳನ್ನು ತಿಳಿಯಲು ಮುಖ್ಯ ಆಧಾರ. ಮುಂಗಾಲಿಗೆ ಮತ್ತೊಂದು ಉಪಯೋಗವೂ ಉಂಟು: ಎದುರಾದ ಸ್ವಜಾತಿಯ ನೊಣದತ್ತ ಅದನ್ನು ಚಾಚಿ ಸಂಕೇತ ನೀಡುವುದು.

ಪ್ರಭೇದನಿರ್ಣಯದ ಮಹತ್ವ ಅನ್ವಯಿಕ ಕ್ಷೇತ್ರದಲ್ಲಿ ಇನ್ನೂ ಸ್ಪಷ್ಟ. ಇದೇ ಕುಲದ ಓಕ್ತೆರಾ ಚಾಲಿಬೆಸೆನ್ಸ್ ಮಲೇರಿಯಾ ಹರಡುವ ಅನಾಫಿಲಿಸ್ ಗ್ಯಾಂಬಿಯೆ ಸೊಳ್ಳೆಯ ಮರಿಹುಳುಗಳನ್ನು ತಿನ್ನುವುದೆಂದು ಕೆನ್ಯಾದಲ್ಲಿ ನಡೆದು 2007ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಆ ಫಲಿತಾಂಶವನ್ನು ಯುರೋಪಿನ ಪ್ರಭೇದಕ್ಕೆ ಪರೀಕ್ಷೆಯಿಲ್ಲದೆ ಆರೋಪಿಸುವುದು ಸಲ್ಲದು.

ಜೌಗುಪ್ರದೇಶಗಳನ್ನು ಬಸಿದು ಕೃಷಿಭೂಮಿಯಾಗಿಸಿದಲ್ಲಿ, ದಂಡೆಗಳಿಗೆ ಕಲ್ಲು ಹಾಸಿದಲ್ಲಿ, ನೀರು ಉಳಿದರೂ ಬಯಲು ಕೆಸರಿನ ಪಟ್ಟಿ ಉಳಿಯುವುದಿಲ್ಲ. ಅಂಥ ಸ್ಥಳಗಳ ಹಿಂದಿನ ಜೀವಿಸಂಪತ್ತಿಗೆ ವಸ್ತುಸಂಗ್ರಹಾಲಯದ ಸೂಜಿಗೆ ಚುಚ್ಚಿದ ಮಾದರಿಗಳೇ ಸಾಕ್ಷಿ. ಅವುಗಳ ಚೀಟಿಯಲ್ಲಿ ಊರು ಮತ್ತು ದಿನಾಂಕ ಮಾತ್ರ ಇದ್ದು ದಂಡೆಯ ಸ್ವರೂಪ ನಮೂದಾಗಿರದಿದ್ದರೆ, ಪ್ರಭೇದವನ್ನು ಮರುಪರಿಶೀಲಿಸಬಹುದು, ನೆಲೆಯನ್ನಲ್ಲ.